ಎರಡನೇ ದನಿಯ ಹುಡುಗಿಯರು

ಬಿಜಾಪುರಕ್ಕೆ ಇನ್ನೂ ವಿಜಯಪುರ ಎಂಬ ಹೆಸರು ಬಂದಿರದ ಆ ಎಪ್ಪತ್ತರ ದಶಕದಲ್ಲಿ, ಹೆಣ್ಣುಮಕ್ಕಳು ಕೂಡಿ ಹಾಡಿದರೆಂದರೆ ಎಲ್ಲರದೂ ಒಂದೇ ಧಾಟಿ. ಸಾಲಿಯ ಪ್ರಾರ್ಥನೆ ಇರಲಿ, ಮದುವೆ ಮನೆಯ ಪದ ಇರಲಿ, ಒಬ್ಬಳ ದನಿ ಇನ್ನೊಬ್ಬಳದರಲ್ಲಿ ಕರಗಿಹೋಗಬೇಕು. ಆ ಒಂದನ್ನು ಎರಡು ಮಾಡಿ ತೋರಿಸಿದವರು ನಮ್ಮ ಖೈರುನ್ನಿಸಾ ಮಿಸ್.

ನಾನು ತಿಕೋಟಾದವಳು. ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ, ಏಳನೇ ಕ್ಲಾಸು. ಮಿಸ್ ಅದೇ ಕಾನ್ವೆಂಟಿನಲ್ಲಿ ಓದಿ, ಮುದುಕಿ ಸಿಸ್ಟರ್ ಒಬ್ಬರಿಂದ ಪಿಯಾನೋ ಕಲಿತು, ಅಲ್ಲಿಯೇ ಮ್ಯೂಸಿಕ್ ಟೀಚರ್ ಆಗಿ ಬಂದಿದ್ದರು. ಅವರ ತಂದೆಯದು ಸೊಲ್ಲಾಪುರ ರಸ್ತೆಯಲ್ಲಿ ಟೈರಿನ ವರ್ಕ್‌ಶಾಪು. ಹಾಗಾಗಿ ಮಿಸ್ ಹತ್ತಿರ ಬಂದರೆ ಗುಲಾಬಿ ಅತ್ತರಿನ ಜೊತೆಗೆ ರಬ್ಬರಿನ ವಾಸನೆಯೂ ತುಸು ಬರುತ್ತಿತ್ತು. ನಮಗೆ ಅದೇ ಫೇವರಿಟ್ ಸೆಂಟು!

"ಕಾಯರ್ ಅಂದ್ರ ಏನು ಗೊತ್ತೈತೇನ್ರೇ?" ಎಂದು ಮೊದಲ ದಿನ ಕೇಳಿದರು.

"ಭಜನಿ ಮ್ಯಾಳರಿ ಮಿಸ್," ಅಂದಳು ನಿಡೋಣಿಯ ಶಾಂತವ್ವ. ಅವಳಿಗೆ ಎಲ್ಲದಕ್ಕೂ ಉತ್ತರ ರೆಡಿ.

"ಹೌದು. ಆದ್ರ ಈ ಮ್ಯಾಳದಾಗ ಅರ್ಧ ಮಂದಿ ಒಂದು ಹಾಡಬೇಕು, ಅರ್ಧ ಮಂದಿ ಇನ್ನೊಂದು. ಇಬ್ಬರೂ ಕೂಡೇ."

"ಯಪ್ಪಾ, ಜಗಳಾ ಹತ್ತತೈತ್ರಿ!"

"ಹತ್ತಲಿ ಬಿಡಽ. ಚಂದನ್ನ ಜಗಳಾ ಅದು."

ಇಂಗ್ಲಿಷ್ ಹಾಡು ಕಲಿಸುತ್ತಾರೆಂದು ನಾವು ಕಾದಿದ್ದೆವು. ಆದರೆ ಒಂದು ಮುಂಜಾನೆ ಬಟ್ಟೆ ಒಗೆಯುತ್ತ ನಾನು ಗುನುಗುತ್ತಿದ್ದ ತೊಟ್ಟಿಲ ಪದವನ್ನು ಮಿಸ್ ಕೇಳಿಸಿಕೊಂಡುಬಿಟ್ಟರು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸಿಗೆ ಹೆಸರಿಟ್ಟರೂ ಅವ್ವ ಹಾಡುತ್ತಿದ್ದ ಪದ ಅದು. ಅದನ್ನೇ ತೆಗೆದುಕೊಂಡು, ಅದರ ಕೆಳಗೆ ಇನ್ನೊಂದು ಧಾಟಿ ಕಟ್ಟಿದರು. ಶಾಂತವ್ವನ ಗುಂಪಿಗೆ ಅವ್ವನ ಧಾಟಿ. ನನ್ನ ಗುಂಪಿಗೆ ಕೆಳಗಿನದು, ಆಲ್ಟೋ.

ಅಯ್ಯೋ, ಆ ಕಷ್ಟ! ಶುರು ಮಾಡಿದ ಕೂಡಲೇ ನಾವು ಮೇಲಿನ ಧಾಟಿಗೆ ಜಾರಿಬಿಡುತ್ತಿದ್ದೆವು. ಮಿಸ್ ಒಂದು ಉಪಾಯ ಹೂಡಿದರು. ಶಾಂತವ್ವನ ಗುಂಪು ಹಾಲಿನಲ್ಲಿ, ನಾವು ಹಿತ್ತಲಿನ ಅಡುಗೆಮನೆಯ ಕಡೆ. ಗೋಡೆ ಆಚೆಯಿಂದ ಅವರ ದನಿ ಸಣ್ಣಗೆ ಕೇಳುವಷ್ಟು ದೂರ. ದಿನದಿನಕ್ಕೂ ನಮ್ಮನ್ನು ಸ್ವಲ್ಪ ಸ್ವಲ್ಪ ಒಳಗೆ ತಂದರು. ಸೀತನಿಯ ಕಾಲ ಅದು. ಎಳೆ ಜೋಳದ ತೆನೆ ಸುಟ್ಟ ವಾಸನೆ ಅಡುಗೆಮನೆಯಿಂದ ಬರುತ್ತಿತ್ತು, ನಮಗೋ ಬಾಯಿ ತುಂಬ ನೀರು. "ನುಂಗಿ ಹಾಡ್ರಿ!" ಎಂದು ಮಿಸ್ ಕೂಗುತ್ತಿದ್ದರು. ಅವರು ಅಂಗೈ ಮೇಲೆ ಮಾಡಿ ತೋರಿಸಿದರೆ ಮೊದಲನೇ ದನಿ ಹಾಡಬೇಕು, ಕೆಳಗೆ ಮಾಡಿದರೆ ಎರಡನೆಯದು. ಕೊನೆಗೆ ಭುಜಕ್ಕೆ ಭುಜ ತಾಗಿಸಿ ನಿಂತರೂ ನಾವು ಜಾರಲಿಲ್ಲ.

ಆದರೆ ಮಂಗಳೂರು ಕಡೆಯಿಂದ ಬಂದಿದ್ದ, ಕಾನ್ವೆಂಟಿಗೆ ಹಿರಿಯರಾದ ಮದರ್ ಖಡಾಖಂಡಿತವಾಗಿ ಹೇಳಿದ್ದರು: "ಖೈರುನ್ನಿಸಾ, ಈ ಗ್ಯಾದರಿಂಗಿನವರೆಗೆ ಮಾತ್ರ. ಪಾಲಕರಿಗೆ ಹಿಡಿಸದಿದ್ದರೆ ಮ್ಯೂಸಿಕ್ ರೂಮು ಹೊಲಿಗೆ ಕ್ಲಾಸಿಗೆ. ಕಾಯರ್ ಅಲ್ಲಿಗೇ ಮುಗಿಯಿತು." ಕಾಯರ್ ಮುಗಿದರೆ ಮಿಸ್‌ನ ಕೆಲಸವೂ ಮುಗಿದಂತೆ. ಅದು ನಮಗೆಲ್ಲ ಗೊತ್ತಿತ್ತು.

ಗ್ಯಾದರಿಂಗ್, ಅಂದರೆ ಸಾಲಿಯ ವಾರ್ಷಿಕೋತ್ಸವದ ದಿನ ಊರೂರಿನಿಂದ ತಾಯಂದಿರು ಬಂದರು. ಅವ್ವ ನಮ್ಮ ಓಣಿಯ ಹೆಂಗಸರನ್ನೆಲ್ಲ ಬಸ್ಸು ಹತ್ತಿಸಿಕೊಂಡು, ಶೇಂಗಾ ಹೋಳಿಗೆಯ ಗಂಟು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಮೊದಲ ನುಡಿಯನ್ನು ಶಾಂತವ್ವನ ಗುಂಪು ಹಾಡಿತು. ತಮ್ಮದೇ ಪದವೆಂದು ಹೆಂಗಸರ ಮುಖ ಅರಳಿತು. ಎರಡನೇ ನುಡಿಗೆ ನಾವು ಕೆಳಗಿನಿಂದ ಸೇರಿದೆವು. ಅವ್ವನ ಹುಬ್ಬು ಗಂಟಾಯಿತು. ನಮ್ಮ ಕಡೆ ಒಂದು ರೂಢಿ: ತೊಟ್ಟಿಲ ಮುಂದೆ ಹಾಡುವವಳು ಎಡವಿದರೆ, ಕೇಳುತ್ತಾ ಕೂತವರು ಅವಳ ಕೈ ಬಿಡುವಂತಿಲ್ಲ. ಪದ ಎತ್ತಿಕೊಡಲೇಬೇಕು.

ಅವ್ವ ಎದ್ದು ನಿಂತಳು.

"ನಮ್ಮ ಪೋರಿ ಧಾಟಿ ಬಿಟ್ಟಾಳ. ಎತ್ಕೊಳ್ರೆ ಯವ್ವಾ!"

ಇಡೀ ಸಾಲು ಎತ್ತಿಕೊಂಡಿತು. ಎಂಥ ಗಂಟಲುಗಳು ಅವು! ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದ ಗಂಟಲು. ನಮ್ಮ ಆಲ್ಟೋ ಮುಳುಗಿಯೇ ಹೋಯಿತು. ಮದರ್ ಕುರ್ಚಿಯಿಂದ ಅರ್ಧ ಎದ್ದರು. ಮಿಸ್‌ನ ಕೈ ಗಾಳಿಯಲ್ಲೇ ನಿಂತಿತು. ನಾನು ನಾಚಿಕೆಯಿಂದ ಸತ್ತೇ ಹೋದೆ ಅಂದುಕೊಂಡೆ.

ಆಗ ಮಿಸ್ ನಮಗೆ ಬೆನ್ನು ಹಾಕಿ ಸರಕ್ಕನೆ ತಾಯಂದಿರ ಕಡೆ ತಿರುಗಿದರು. ಬಲಗೈ ಅಂಗೈ ಮೇಲೆ ಮಾಡಿ ಅವ್ವನ ಸಾಲಿಗೆ ಹಿಡಿದರು. ಎಡಗೈಯನ್ನು ಬೆನ್ನ ಹಿಂದೆ ತಂದು ಅಂಗೈ ಕೆಳಗೆ ಮಾಡಿ ನಮಗೆ ತೋರಿಸಿದರು. ನಮಗೆಲ್ಲರಿಗೂ! ಶಾಂತವ್ವ ಒಂದು ಕ್ಷಣ ಕಣ್ಣು ಬಿಟ್ಟು ನೋಡಿದಳು, ಆಮೇಲೆ ಗೋಡೆ ಆಚೆಯಿಂದ ತಿಂಗಳುಗಟ್ಟಲೆ ಕೇಳಿದ್ದ ನಮ್ಮ ಧಾಟಿಗೆ ಇಳಿದಳು. ಅವಳ ಹಿಂದೆ ಅವಳ ಗುಂಪೂ ಇಳಿಯಿತು. ಮೇಲೆ ತಾಯಂದಿರು, ಕೆಳಗೆ ಮಕ್ಕಳು. ಆ ಹಾರ್ಮನಿಯನ್ನು ಹೇಗೆ ಹೇಳಲಿ? ನನ್ನ ಪಕ್ಕೆಲುಬಿನೊಳಗೆ ಅದು ಕಂಪಿಸಿತು.

ಹಾಡು ಮುಗಿಯುತ್ತಲೇ ಅವ್ವ ಸ್ಟೇಜಿನ ಹತ್ತಿರ ಬಂದು ಮಿಸ್‌ಗೆ ಹೇಳಿದಳು. "ಬಾಯಾರ, ಹುಡುಗಿ ತಪ್ಪಿದ್ದಕ್ಕ ಬೈಬ್ಯಾಡ್ರಿ."

"ತಪ್ಪಿಲ್ಲವ್ವಾ ಆಕಿ. ನಿಮ್ಮ ಹಾಡಿಗೆ ಜೋಡಿ ಹಾಡ್ಯಾಳ."

"ಬ್ಯಾರೇನ ಹಾಡಿದಳಲ್ರಿ?"

"ಬ್ಯಾರೆ ಇದ್ರನ ಜೋಡಿ ಅಲ್ಲೇನ್ರಿ?"

ಅವ್ವ ಸೆರಗು ಸರಿಮಾಡಿಕೊಂಡು ಯೋಚಿಸಿದಳು. "ಹಂಗಾದ್ರ ಇನ್ನೊಮ್ಮಿ ಹಾಡಸ್ರಿ. ಈ ಸಲ ತಿಳದು ಹಾಡ್ತೀವಿ."

ಸಭೆ ಹೋ ಎಂದು ನಕ್ಕಿತು. ಎರಡನೇ ಸಲ ಹಾಡಿದಾಗ ಹಿಂದಿನ ಸಾಲಿನ ಅಪ್ಪಂದಿರೂ ದನಿಗೂಡಿಸಿದರು. ಚಪ್ಪಾಳೆ ನಿಂತ ಮೇಲೆ ಮದರ್ ಎದ್ದು, ಮುಖದಲ್ಲಿ ನಗು ಬಾರದಂತೆ ನೋಡಿಕೊಳ್ಳುತ್ತ, "ಹೊಲಿಗೆ ಮೆಷಿನ್ನುಗಳಿಗೆ ವರಾಂಡದಲ್ಲಿ ಒಳ್ಳೆಯ ಬೆಳಕಿದೆ, ಅಲ್ಲಿಯೇ ಇಡಿಸೋಣ," ಅಂದರು. ನಾವು ಕುಣಿದ ಕುಣಿತಕ್ಕೆ ಸ್ಟೇಜಿನ ಹಲಗೆ ಮುರಿಯಬೇಕಿತ್ತು.

ಮುಂದೆ ಮಿಸ್ ಬಬಲೇಶ್ವರದಲ್ಲಿ ಹೆಂಗಸರ ಕಾಯರ್ ಕಟ್ಟಿದರು, ಸೊಲ್ಲಾಪುರದಲ್ಲಿ ಇನ್ನೊಂದು. ದೊಡ್ಡ ದೊಡ್ಡ ಹಾಲುಗಳಲ್ಲಿ ಕಂಡಕ್ಟ್ ಮಾಡಿದರು. ಎಲ್ಲಿ ಹೋದರೂ ಅವ್ವನ ಪದವೇ ಅವರ ಗ್ರ್ಯಾಂಡ್ ಫಿನಾಲೆ.

ಈಗ ಮಿಸ್ ಇಲ್ಲ, ಅವ್ವ ಇಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಸ್ಪೀಕರ್ ಹಚ್ಚುತ್ತಾರೆ, ಅದು ಎಡವುವುದೇ ಇಲ್ಲ, ಯಾರೂ ಎತ್ತಿಕೊಡಬೇಕಾಗಿಲ್ಲ. ಮೊನ್ನೆ ಕಾಳು ಆರಿಸುತ್ತ ಗುನುಗುತ್ತಿದ್ದೆ. ಮೊಮ್ಮಗಳು, "ಅಜ್ಜಿ, ಇದ್ಯಾವ ಟ್ಯೂನ್? ಹಾಡು ಅನ್ಸೋದೇ ಇಲ್ಲ," ಅಂದಳು. ನಿಜ, ಆಲ್ಟೋ ಒಂದೇ ಕೇಳಿದರೆ ಹಾಡು ಅನಿಸುವುದಿಲ್ಲ. ಮೇಲಿನ ಧಾಟಿ ನನಗೆ ಬಾರದೆಂದಲ್ಲ. ಅದು ಅವ್ವನ ಜಾಗ. ಖಾಲಿ ಬಿಟ್ಟೇ ಹಾಡುತ್ತೇನೆ.