ಕುರಿಮಂದೆಯ ಮುಂದೆ ಇಳಿದ ಬ್ರೇಕು

ನನ್ನ ಹೆಂಡತಿ ಐವತ್ತೆರಡನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತಳು. ಹೊಳಲ್ಕೆರೆಯ ನಮ್ಮ ಬೀದಿ ಅದನ್ನು ಸಣ್ಣದೊಂದು ದಂಗೆಯೆಂದೇ ಭಾವಿಸಿತು. ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಲೈಸೆನ್ಸೆಂಬ ಸರ್ಕಾರಿ ಕಾಗದ ಅವಳ ಕೈಗೆ ಬಂದಮೇಲೆ ಆಕ್ಷೇಪಣೆಗೆ ಆಸ್ಪದವಿಲ್ಲವೆಂದು ಸುಮ್ಮನಾದೆ. ಅವಳ ಉದ್ದೇಶ ದೊಡ್ಡದೇನಲ್ಲ. ಬಾಗೂರಿನ ಅಕ್ಕನ ಮನೆಗೆ ನನ್ನನ್ನು ಕೇಳದೆ ಹೋಗಬೇಕು, ನನ್ನನ್ನು ಕೇಳದೆ ಬರಬೇಕು. ಅಷ್ಟೇ.

ಅದಕ್ಕಾಗಿ ಚಿತ್ರದುರ್ಗದಲ್ಲಿ ಒಂದು ಹಳೆಯ ಕಾರು ಕೊಂಡೆವು. ಮಾರಿದಾತ ಗಾಡಿಯ ಗುಣಗಾನವನ್ನು ಹೆಣ್ಣಿನ ಕಡೆಯವರ ಹಾಗೆ ಮಾಡಿದ. ಒಬ್ಬರ ಕೈಯಲ್ಲೇ ಬೆಳೆದದ್ದು, ದೂರದ ಊರು ಕಂಡದ್ದಿಲ್ಲ, ಯಾರ ಹತ್ತಿರವೂ ಒಂದು ಮಾತು ಅನ್ನಿಸಿಕೊಂಡದ್ದಿಲ್ಲ. ಬ್ರೇಕಿನ ಬಗ್ಗೆ ಆತ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೂರನೆಯ ವಾರ ಹೆಂಡತಿ ದೂರು ತಂದಳು. ಒಂದೊಂದು ಸಲ ಬ್ರೇಕಿನ ಪೆಡಲು ಕಾಲಡಿಯಲ್ಲೇ ಕುಸಿದು ಹೋಗುತ್ತದೆ, ಕಾಲೆತ್ತಿ ಮತ್ತೆ ಒತ್ತಿದರೆ ಏನೂ ಆಗದಂತೆ ಗಟ್ಟಿಯಾಗಿರುತ್ತದೆ ಎಂದಳು. ನಾನು ಕೂಡಲೇ ಸ್ಥಳ ಪರಿಶೀಲನೆಗೆ ಹೊರಟೆ. ಕೆರೆ ಏರಿಯ ಮೇಲೆ ವೇಗವಾಗಿ ಹೋಗಿ ಬ್ರೇಕನ್ನು ಜಾಡಿಸಿ ತುಳಿದೆ. ಹಿಂದಿನ ಸೀಟಿನಲ್ಲಿದ್ದ ತೆಂಗಿನಕಾಯಿ ಮುಂದಕ್ಕೆ ಬಂದು ನನ್ನ ಪಕ್ಕದಲ್ಲಿ ಕುಳಿತಿತು. ಬ್ರೇಕು ನಿರ್ದೋಷಿಯೆಂದು ಮನೆಗೆ ಬಂದು ಸಾರಿದೆ.

ಅವಳು ಒಪ್ಪಲಿಲ್ಲ. ಗಾಡಿಯನ್ನು ದುರ್ಗದ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಭರಮಸಾಗರದ ರಸ್ತೆಯಲ್ಲಿ ಗಾಳಿಯ ಹಾಗೆ ಹೋಗಿ, ನನಗಿಂತಲೂ ಜೋರಾಗಿ ತುಳಿದು ಬಂದ.

"ಬ್ರೇಕು ಬಂಡೆ ಇದ್ದಂಗೈತ್ರಿ ಸಾರ್. ಅಮ್ಮಾರ ಕಾಲಿಗೆ ಇನ್ನೊಂದೀಟು ಅಭ್ಯಾಸ ಆಗ್ಲಿ ಬಿಡ್ರಿ," ಎಂದ.

ನಾನು ನಕ್ಕೆ. ಅವಳು ಅಲ್ಲೇ ನಿಂತಿದ್ದಳು.

ಆಮೇಲೆ ಹಿರಿಯೂರಿನಲ್ಲಿ ಯಾರೋ ಜಾಣರಿದ್ದಾರೆಂದು ಕೇಳಿ ಅಲ್ಲಿಗೂ ಹೋದೆವು. ಅವರು ಬ್ರೇಕ್ ಆಯಿಲ್ ಬದಲಿಸಿದರು, ಪೈಪಿನಲ್ಲಿ ಗಾಳಿ ಸೇರಿರಬಹುದೆಂದು ತೆಗೆದರು, ಪ್ಯಾಡುಗಳನ್ನು ಹೊಸದು ಮಾಡಿದರು. ಕೊನೆಗೆ ಮುಂದುಗಡೆ ಒಂದು ನಿಂಬೆಹಣ್ಣನ್ನೂ ಕಟ್ಟಿದರು. ವೈದ್ಯಶಾಸ್ತ್ರ ಮುಗಿದಲ್ಲಿ ಮಂತ್ರಶಾಸ್ತ್ರ. ಇಷ್ಟರ ನಡುವೆ, ಪೆಡಲು ಕುಸಿಯುವುದು ಎಲ್ಲಿ, ಯಾವಾಗ, ಹೇಗೆ ಎಂದು ಅವಳನ್ನು ಒಬ್ಬರೂ ಕೇಳಲಿಲ್ಲ. ಎಲ್ಲರೂ ನನ್ನನ್ನು ಕೇಳಿದರು. ನಾನು ಎಲ್ಲರಿಗೂ ಉತ್ತರ ಕೊಟ್ಟೆ.

ಅವಳು ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ರಸ್ತೆಗೆ ಕುರಿಮಂದೆ ಬಂದರೆ ನಾವೆಲ್ಲ ಹಾರನ್ ಹೊಡೆದು, ಹತ್ತಿರ ಹೋಗಿ ಗಕ್ಕನೆ ನಿಲ್ಲಿಸುತ್ತೇವೆ. ಮಂದೆ ಬೆದರಿ ನಾಲ್ಕು ದಿಕ್ಕಿಗೆ ಚದುರುತ್ತದೆ. ಅವಳು ದೂರದಿಂದಲೇ ವೇಗ ಇಳಿಸಿ, ಬ್ರೇಕನ್ನು ತುದಿಗಾಲಲ್ಲಿ ಮೆಲ್ಲಗೆ ಅದುಮಿ ಹಿಡಿದು, ಮಂದೆಯ ಹಿಂದೆ ಅದರ ನಡಿಗೆಯಲ್ಲೇ ಸಾಗುತ್ತಿದ್ದಳು. ಕುರಿಗಳು ತಿರುಗಿಯೂ ನೋಡುತ್ತಿರಲಿಲ್ಲ.

ಬಾಗೂರು ಇನ್ನೇನು ಬಂತು ಅನ್ನುವಾಗ ಅದು ನಡೆಯಿತು. ಅವಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಇಳಿಜಾರಿನಲ್ಲಿ ಮಂದೆ ಹೋಗುತ್ತಿತ್ತು. "ರೀ, ಬ್ರೇಕು ಇಳೀತೈತೆ," ಎಂದಳು. ದನಿ ಏರಿಸಲೂ ಇಲ್ಲ. ನಾನು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಒಂದು ಮರಿ ಮುಂದಿನ ಚಕ್ರದಡಿ ಹೋಗಿತ್ತು.

ಕುರಿಯಾತ ಅವಳ ತವರಿನ ಕಡೆಯ ಮುದುಕ, ಅವಳನ್ನು ಲಂಗ ಉಟ್ಟ ದಿನದಿಂದ ಬಲ್ಲವನು. ಬೈದಿದ್ದರೆ ಚೆನ್ನಾಗಿತ್ತು. ಮರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಅವಳ ಮುಖ ನೋಡಿದ.

"ಕುರಿ ಹಟ್ಟೀಲಿ ಹುಟ್ದೋಳು ನೀನು. ನೀನೇ ಹಿಂಗೆ ಮಾಡಿದ್ರೆ ಹೆಂಗವ್ವ?"

ಅವಳು ಕಾಲೆತ್ತಿ ಪೆಡಲನ್ನು ಮತ್ತೆ ಒತ್ತಿ ನನಗೆ ತೋರಿಸಲು ಹೋದಳು. ಅದು ಬಂಡೆಯ ಹಾಗೆ ಗಟ್ಟಿಯಾಗಿತ್ತು. ಸಾಕ್ಷಿ ತಿರುಗಿ ಬೀಳುವುದನ್ನು ನಾನು ಕೋರ್ಟಿನಲ್ಲಿ ಎಷ್ಟೋ ಸಲ ನೋಡಿದ್ದೆ. ಆದರೂ ಗಾಡಿಯಿಂದ ಇಳಿದು ಆ ಮುದುಕನೆದುರು ನಿಂತು ನಾನೇ ತೀರ್ಪು ಕೊಟ್ಟೆ. "ಬ್ರೇಕು ಅಂತ ಕ್ಲಚ್ ತುಳಿದವ್ಳೆ ಕಣಪ್ಪ. ಹೊಸಬಳು."

ವಾಪಸು ಬರುವಾಗ ಗಾಡಿ ನಾನು ಓಡಿಸಿದೆ. ಅವಳು ಕೀಲಿಯನ್ನು ದೇವರ ಕೋಣೆಯ ಪಕ್ಕದ ಮೊಳೆಗೆ ನೇತುಹಾಕಿದಳು. ಮತ್ತೆ ಮುಟ್ಟಲಿಲ್ಲ.

ನಾಲ್ಕೈದು ತಿಂಗಳಾದ ಮೇಲೆ ಗಾಡಿಯನ್ನು ಮಾರಿಬಿಡೋಣವೆಂದುಕೊಂಡು ನಮ್ಮೂರಿನ ಹಳೆಯ ಮೇಸ್ತ್ರಿಗೆ ತೋರಿಸಿದೆ. ಲಾರಿಗಳ ಕೆಳಗೇ ಆಯಸ್ಸು ಕಳೆದ ಮನುಷ್ಯ. ಬ್ರೇಕಿನ ಕಥೆಯನ್ನು ನಗೆಚಾಟಿಕೆಯಾಗಿ ಹೇಳಿದೆ. ಆತ ನಗಲಿಲ್ಲ. ಕುರಿ ಅಡ್ಡ ಬಂದಾಗ ಅಮ್ಮ ಹೇಗೆ ತುಳಿಯುತ್ತಿದ್ದರು ಎಂದು ಕೇಳಿದ. ಹೇಳಿದೆ.

"ಹಂಗೇ ತುಳೀರಿ ನೋಡಾಣ. ಜಾಡ್ಸಬ್ಯಾಡ್ರಿ. ಮೆಲ್ಲಗೆ ಅದುಮಿ ಹಿಡ್ಕಳ್ರಿ."

ಹಿಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಪೆಡಲು, ಪೂಜೆಯ ಮನೆಯಲ್ಲಿ ಹಿರಿಯರು ಮಣೆಯ ಮೇಲೆ ಕೂರುವಷ್ಟು ನಿಧಾನವಾಗಿ, ಕೆಳಗಿಳಿದು ನೆಲ ಮುಟ್ಟಿತು. ಕಾಲೆತ್ತಿ ಜಾಡಿಸಿ ತುಳಿದೆ. ಬಂಡೆ.

ಮೇಸ್ತ್ರಿ, ಪೆಡಲು ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ದೂಡುವ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಅದರೊಳಗಿನ ರಬ್ಬರಿನ ಬಟ್ಟಲನ್ನು ಅಂಗೈಯಲ್ಲಿಟ್ಟು ತೋರಿಸಿದ. ಹೆಬ್ಬೆಟ್ಟಿನ ಗಾತ್ರದ್ದು, ಅಂಚು ಸವೆದಿತ್ತು. ಜೋರಾಗಿ ತುಳಿದರೆ ಆಯಿಲ್‌ನ ಒತ್ತಡಕ್ಕೆ ಅರಳಿ ಬಿಗಿಯಾಗಿ ಕೂರುತ್ತದೆ. ಮೆಲ್ಲಗೆ ಅದುಮಿದರೆ ಅಂಚಿನ ಪಕ್ಕದಲ್ಲೇ ಆಯಿಲ್ ಹಿಂದಕ್ಕೆ ಜಾರುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಜಾಡಿಸುವ ಗಂಡಸರಿಗೆಲ್ಲ ಆ ಬ್ರೇಕು ನಿಯತ್ತಾಗಿತ್ತು. ಕುರಿಗಳ ಬಗ್ಗೆ ಕಾಳಜಿ ಇದ್ದವಳೊಬ್ಬಳಿಗೆ ಮಾತ್ರ ಕೈಕೊಟ್ಟಿತ್ತು.

ಹೊಸದನ್ನು ಹಾಕಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಅವರೆಕಾಳು ಸುಲಿಯುತ್ತಿದ್ದಳು. ಕಾಗದ ಬಿಚ್ಚಿ ಎದುರಿಗಿಟ್ಟೆ, ಎಲ್ಲವನ್ನೂ ವಿವರಿಸಿದೆ. ಅವಳು ಕೈ ಒರೆಸಿಕೊಂಡು ಅದನ್ನು ಒಂದು ಸಲ ಒತ್ತಿ ನೋಡಿ, ವಾಪಸು ಕಾಗದದಲ್ಲಿಟ್ಟಳು.

"ಇದನ್ನ ನನಗ್ಯಾಕೆ ತೋರಿಸ್ತೀರಿ? ನನಗೆ ಅವತ್ತೇ ಗೊತ್ತಿತ್ತಲ್ಲ. ಬಾಗೂರಿಗೆ ಹೋಗಿ ಆ ಅಜ್ಜಂಗೆ ತೋರಿಸ್ಬರ್ರಿ."

ನ್ಯಾಯವಾದ ಆಜ್ಞೆ. ಆಜ್ಞೆಯಾದ ದಿನವೇ ಪಾಲಿಸಬೇಕಾಗಿತ್ತು. ಮೊದಲ ವಾರ ಬಿಸಿಲೆಂದೆ, ಎರಡನೆಯ ವಾರ ಮದುವೆಯೊಂದಿತ್ತು, ಆಮೇಲೆ ಕುರಿಗಳನ್ನು ದೂರ ಹೊಡೆದುಕೊಂಡು ಹೋಗಿದ್ದಾರೆಂದು ನನಗೆ ನಾನೇ ಹೇಳಿಕೊಂಡೆ. ಕೋರ್ಟಿನಲ್ಲಿ ವಾಯಿದೆ ಕೇಳುವ ವಕೀಲರನ್ನು ಕಂಡು ಮೂಗು ಮುರಿಯುತ್ತಿದ್ದವನು ನಾನು.

ಗಾಡಿ ಮಾರಲಿಲ್ಲ. ರಬ್ಬರಿನ ಬಟ್ಟಲು ಅದೇ ಕಾಗದದಲ್ಲಿ ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗಿದೆ. ಮೊನ್ನೆ ಹೊಸದುರ್ಗದವರೆಗೆ ಹೋಗಿ, ಬಾಗೂರಿನ ಕಡೆ ತಿರುಗದೆ ಬಂದೆ. ಹೆಂಡತಿ ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಾಳೆ. ಬಿಟ್ಟುಬರಲೇ ಎಂದು ಕೇಳಿದರೆ, ಅಲ್ಲಿಗೆ ಹೋಗುವ ಕೆಲಸ ನಿಮಗೂ ಇದೆಯಲ್ಲ, ಮೊದಲು ಅದನ್ನು ಮುಗಿಸಿಕೊಳ್ಳಿ ಎನ್ನುತ್ತಾಳೆ.