ಗೌಡರ ಜೀಪಿನ ಉಸಿರು ಕಟ್ಟಿಸಿದ್ದು

ಆ ಕಾಲದಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಊರಿಗೆ ಊರೇ ಸುತ್ತ ನೆರೆಯುತ್ತಿತ್ತು. ಬಾನೆಟ್ ಎತ್ತಿದರೆ ಮಕ್ಕಳಾದ ನಾವೂ ತಲೆ ತೂರಿಸುತ್ತಿದ್ದೆವು. ಪೆಟ್ರೋಲು, ಸುಟ್ಟ ಎಣ್ಣೆ, ಅದರ ಜೊತೆಗೆ ಆಲೆಮನೆಯಿಂದ ಗಾಳಿಯಲ್ಲಿ ಬರುವ ಬಿಸಿ ಬೆಲ್ಲ: ಪಾಂಡವಪುರದ ಕಡೆಯ ನನ್ನ ಬಾಲ್ಯಕ್ಕೆ ಇದೇ ವಾಸನೆ. ನಿಮ್ಮಲ್ಲಿ ಅನೇಕರಿಗೆ ಇಂಥವನ್ನು ನೆನೆದರೆ ಮನಸ್ಸು ಮೆತ್ತಗಾಗುತ್ತದೆ. ನನಗೆ ಹಾಗಾಗುವುದಿಲ್ಲ. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ನನ್ನದು ನಲವತ್ತು ವರ್ಷವಾದರೂ ಆರಿಲ್ಲ.

ನಾವು ಆಚಾರಿಗಳು. ತಾತ ಕಮ್ಮಾರ, ಚಿಕ್ಕಪ್ಪ ಚಿನ್ನದ ಕೆಲಸದವನು. ಅಪ್ಪ ಮಾತ್ರ ತಾತನ ಕುಲುಮೆಯ ಪಕ್ಕದಲ್ಲಿ ಶೆಡ್ಡು ಹಾಕಿಕೊಂಡು ಗಾಡಿ ರಿಪೇರಿಗೆ ನಿಂತಿದ್ದ. ಊರಿನಲ್ಲಿದ್ದ ಒಂದೇ ಒಂದು ಪೆಟ್ರೋಲ್ ಜೀಪು ದೊಡ್ಡ ಜಮೀನಿನ ಪುಟ್ಟೇಗೌಡರದು. ಬಲು ಹಳೆಯದು. ಎಷ್ಟೋ ಬೆಳಗ್ಗೆ ಸೆಲ್ಫ್ ಹೊಡೆದರೆ ಕುರ್ರ್ ಕುರ್ರ್ ಎಂದು ತಿರುಗುತ್ತಿತ್ತು, ಎಂಜಿನ್ ಹತ್ತಿಕೊಳ್ಳುತ್ತಿರಲಿಲ್ಲ. ಆಗ ಅಪ್ಪನಿಗೆ ಕರೆ ಬರುತ್ತಿತ್ತು. ಹತ್ತು ವರ್ಷದ ನಾನು ನಟ್ಟು ಬಿಚ್ಚುವ ಪಾನಾಗಳ ಚೀಲ ಹೊತ್ತು ಹಿಂದೆ ಓಡುತ್ತಿದ್ದೆ.

"ಮೊದ್ಲು ಕಿವಿ ಕೊಟ್ಟು ಕೇಳು ಸಾವಿ, ಆಮ್ಯಾಕೆ ಮುಟ್ಟು" ಎನ್ನುತ್ತಿದ್ದ ಅಪ್ಪ. "ಸೆಲ್ಫ್ ತಿರುಗಿ ಸ್ಟಾರ್ಟ್ ಆಗ್ನಿಲ್ಲ ಅಂದ್ರೆ ಎರಡೇ ಕಣವ್ವ. ಒಂದು ಬೆಂಕಿ ಬತ್ತಿಲ್ಲ, ಇಲ್ದಿದ್ರೆ ಎಣ್ಣೆ ಬತ್ತಿಲ್ಲ."

ಒಂದು ದಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿದ್ದ ಸೂಜಿಗಣ್ಣಿನಷ್ಟು ತೂತನ್ನು ತೋರಿಸಿ, ಇದು ಯಾಕೆ ಹೇಳು ಎಂದ. ನನಗೆ ತಿಳಿಯಲಿಲ್ಲ. ಹಿತ್ತಲಿನಿಂದ ಒಂದು ಪರಂಗಿ ದಂಟು ಮುರಿದು ತಂದು ನೀರಿನಲ್ಲಿ ಅದ್ದಿ, ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ಎತ್ತಿದ. ದಂಟಿನೊಳಗಿನ ನೀರು ಒಂದು ಹನಿಯೂ ಬೀಳಲಿಲ್ಲ. ಬೆರಳು ತೆಗೆದ, ಸುರಿದುಹೋಯಿತು.

"ಮೇಲಿಂದ ಗಾಳಿ ಬಂದ್ರೇನೇ ಕೆಳಿಕ್ಕೆ ಎಣ್ಣೆ ಇಳಿಯಾದು. ಈ ತೂತು ಗಾಡಿ ಮೂಗು ಕಣವ್ವ. ಮುಚ್ಬುಟ್ರೆ ಉಸಿರು ಕಟ್ತದೆ."

ಇದನ್ನು ಊರಿನ ಯಾವ ಗಂಡುಹುಡುಗನಿಗೂ ಅಪ್ಪ ಹೇಳಿಕೊಟ್ಟಿರಲಿಲ್ಲ. ನನಗೆ ಹೇಳಿಕೊಟ್ಟ.

ನಮ್ಮೂರಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯ ದಿನ ಗಾಡಿಗೆ ಮಂಗಳಾರತಿ ಆದಮೇಲೆ, ವರ್ಷವೆಲ್ಲ ಅದನ್ನು ನೋಡಿಕೊಂಡ ಆಚಾರಿಗೇ ಮೊದಲ ವೀಳ್ಯ ಸಲ್ಲಬೇಕು. ಮಿಕ್ಕವರಿಗೆಲ್ಲ ಆಮೇಲೆ. ಆ ದಸರೆಗೆ ಗೌಡರು ನಾಗಮಂಗಲದಿಂದ ಒಬ್ಬನನ್ನು ಕರೆತಂದು ಇಟ್ಟುಕೊಂಡಿದ್ದರು. ಡ್ರೈವರೂ ಅವನೇ, ಮೆಕ್ಯಾನಿಕ್ಕೂ ಅವನೇ. ಅಪ್ಪ ಒಗೆದ ಪಂಚೆಯುಟ್ಟು ಎಂದಿನಂತೆ ಮುಂದೆ ನಿಂತಿದ್ದ. ಬೂದುಗುಂಬಳ ಒಡೆದಾಯಿತು, ಗೌಡರು ವೀಳ್ಯದ ತಟ್ಟೆ ಹಿಡಿದು ಬಂದರು, ಅಪ್ಪ ಕೈ ಚಾಚಿದ. ಗೌಡರು ಆ ಕೈಯನ್ನು ದಾಟಿ ಹೋಗಿ ನಾಗಮಂಗಲದವನಿಗೆ ಕೊಟ್ಟರು.

"ಇನ್ಮ್ಯಾಕೆ ಗಾಡಿ ಇವ್ನೇ ನೋಡ್ಕತ್ತಾನೆ ಬುಡು ಆಚಾರಿ. ನಿಂದು ಸುತ್ತಿಗೆ ಕಾಲ, ಮುಗ್ದೋಯ್ತು" ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು.

ಅಪ್ಪ ಚಾಚಿದ ಕೈಯನ್ನು ಪಂಚೆಗೆ ಒರೆಸಿಕೊಂಡ, ಅದರಲ್ಲೇನೋ ಮೆತ್ತಿದ್ದ ಹಾಗೆ. ಮನೆಗೆ ಬರುವ ದಾರಿಯಲ್ಲೇ ನಾನು ತೀರ್ಮಾನಿಸಿಬಿಟ್ಟಿದ್ದೆ.

ಮಾರನೆಯ ದಿನ ಹಬ್ಬದೂಟ ಉಂಡು ಊರೆಲ್ಲ ಮಲಗಿದ್ದ ಮಧ್ಯಾಹ್ನ, ಗೌಡರ ಮನೆ ಮುಂದಿದ್ದ ಜೀಪಿನ ಟ್ಯಾಂಕಿನ ಮುಚ್ಚಳ ಬಿಚ್ಚಿ ಲಂಗದಲ್ಲಿ ಸುತ್ತಿ ತಂದೆ. ಚಿಕ್ಕಪ್ಪ ಒಡವೆಯನ್ನು ಅಲುಗದಂತೆ ಕೂರಿಸಲು ಬಳಸುವ ಅರಗಿನಲ್ಲಿ ಒಂದು ಚೂರು ಕದ್ದು, ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ, ಮುಚ್ಚಳದ ಒಳಮೈಯಿಂದ ತೂತಿಗೆ ಒತ್ತಿದೆ. ಹೊರಗಿನಿಂದ ನೋಡಿದರೆ ತೂತು ತೂತಿನ ಹಾಗೇ ಕಾಣುತ್ತಿತ್ತು. ತಿರುಗಿ ಹೋಗಿ ಬಿಗಿದು, ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತ ನಿಂತೆ.

ಮೂರನೆಯ ದಿನ ಗೌಡರ ಮಗಳನ್ನು ನೋಡಲು ಕೆ.ಆರ್. ಪೇಟೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಪಾಂಡವಪುರದ ಬಸ್ ಸ್ಟ್ಯಾಂಡಿನಿಂದ ಅವರನ್ನು ತುಂಬಿಕೊಂಡು ಬಂದ ಜೀಪು ನಮ್ಮೂರ ನಾಲೆಯ ಸೇತುವೆ ಮೇಲೆ ನಿಂತುಬಿಟ್ಟಿತು. ಸುದ್ದಿ ಕೇಳಿ ನಾನು ಓಡಿದೆ. ಕುರ್ರ್ ಕುರ್ರ್ ಕುರ್ರ್. ನಾಗಮಂಗಲದವನು ಪ್ಲಗ್ಗು ಬಿಚ್ಚಿ ನೋಡಿದ, ಕಿಡಿ ಚೆನ್ನಾಗಿಯೇ ಬರುತ್ತಿತ್ತು. ಪೆಟ್ರೋಲಿನ ಪೈಪು ಬಿಚ್ಚಿದ, ಒಣಗಿತ್ತು. ಪೈಪಿಗೆ ಬಾಯಿಟ್ಟು ಊದಿ, ಹೀರಿ, ಪೆಟ್ರೋಲು ಗಂಟಲಿಗೆ ಹೋಗಿ ಕಾರಿಕೊಂಡ. ಗಂಡಿನ ಕಡೆಯವರು ರೇಷ್ಮೆ ಪಂಚೆ ಮೇಲೆ ಕಟ್ಟಿ ಬಿಸಿಲಲ್ಲಿ ಜೀಪು ತಳ್ಳಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕಡೆಗೆ ಟ್ಯಾಂಕಿನಲ್ಲಿ ಪೆಟ್ರೋಲಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಿದ. ಮುಚ್ಚಳ ತೆಗೆದದ್ದೇ ಗಾಳಿ ಒಳಗೆ ಹೋಯಿತಲ್ಲ, ಜೀಪು ಹತ್ತಿಕೊಂಡಿತು. ಅವನು ತಾನು ಊದಿದ್ದರಿಂದಲೇ ಸರಿಹೋಯಿತು ಎಂದುಕೊಂಡ.

ಹೀಗೆ ಎಂಟು ದಿನ. ಒಂದಷ್ಟು ದೂರ ಓಡುವುದು, ನಿಲ್ಲುವುದು. ಒಮ್ಮೆ ಪಂಪು ಬದಲಾಯಿಸಿದ, ಒಮ್ಮೆ ಕಾರ್ಬುರೇಟರ್ ಪೂರ್ತಿ ಬಿಚ್ಚಿ ಹರವಿದ. "ಗೌಡ್ರ ಜೀಪ್ಗೆ ಗಾಳಿ ಸೋಕ್ಯದೆ ಕಣ್ಲಾ" ಎಂದು ಜನ ಆಡಿಕೊಂಡರು. ಒಂಬತ್ತನೆಯ ದಿನ ನಾಗಮಂಗಲದವನು ಹೇಳದೆ ಕೇಳದೆ ತನ್ನೂರಿನ ಬಸ್ಸು ಹತ್ತಿದ. ಅವತ್ತೇ ಸಂಜೆ ಪುಟ್ಟೇಗೌಡರು ತಾವಾಗಿ ನಮ್ಮ ಶೆಡ್ಡಿಗೆ ನಡೆದು ಬಂದರು.

"ಒಸಿ ಬಂದು ನೋಡು ಆಚಾರಿ" ಎಂದರು. ಅವರ ದನಿ ತಗ್ಗಿತ್ತು. ಬಾಗಿಲ ಹಿಂದೆ ನಿಂತು ನಾನು ಅದನ್ನು ಮನಸಾರೆ ಕೇಳಿಸಿಕೊಂಡೆ.

ಅಪ್ಪ ಗೌಡರನ್ನು ಅವರ ಮನೆಯಲ್ಲೇ ಬಿಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪು ಓಡಿಸಿದ. ಕರಿಘಟ್ಟ ಬೆಟ್ಟ ಕಾಣುವ ತಿರುವಿನವರೆಗೆ ಹೋಗಿ ಹಿಂದಿರುಗುವಾಗ ನಾಲೆ ಏರಿಯ ಮೇಲೆ ನಿಂತಿತು. ಎರಡು ಸಲ ಸೆಲ್ಫ್ ಹೊಡೆದು ಕಣ್ಣು ಮುಚ್ಚಿ ಕೇಳಿದ. ಬಾನೆಟ್ ಎತ್ತಲಿಲ್ಲ. ಸೀದಾ ಟ್ಯಾಂಕಿನ ಬಳಿ ಹೋಗಿ ಮುಚ್ಚಳ ಸಡಿಲಿಸಿದ. ಸುಯ್ ಎಂದು ಗಾಳಿ ಎಳೆದುಕೊಂಡಿತು. ಮುಚ್ಚಳವನ್ನು ಮಗುಚಿ ನೋಡಿ, ಆಮೇಲೆ ನನ್ನನ್ನು ನೋಡಿದ.

"ಗೌಡನ ಮ್ಯಾಲೆ ಸಿಟ್ಟಿದ್ರೆ ಗೌಡನ್ನ ಬಯ್ಯಬೇಕಾಗಿತ್ತು. ಗಾಡಿ ಕತ್ತು ಯಾಕವ್ವ ಇಸುಕ್ದೆ?"

"ಅವತ್ತು ನೀನು ಕೈ ಚಾಚಿದ್ದೆ. ಅವ್ರು ಕೊಡ್ನಿಲ್ಲ" ಎಂದೆ.

"ನೀ ನೋಡ್ಬುಟ್ಟೇನವ್ವ?" ಎಂದು ಅಪ್ಪ ಕೇಳಿದ. ಆಮೇಲೆ ತಲೆ ಬಗ್ಗಿಸಿ ಅರಗನ್ನು ಕೆರೆದು ನಾಲೆಗೆ ಎಸೆದ. "ಇದ ಯಾರ್ಗೂ ಏಳಬ್ಯಾಡ. ಗೊತ್ತಾದ್ರೆ ನಮ್ಮನೆ ಕೈಗೆ ಯಾರೂ ಗಾಡಿ ಕೊಡಾಕಿಲ್ಲ."

ಗೌಡರ ಮನೆಯಲ್ಲಿ, ಟ್ಯಾಂಕಿನಲ್ಲಿ ಕಸ ಕೂತಿತ್ತು ಎಂದಷ್ಟೇ ಹೇಳಿದ. ಗೌಡರು ಒಳಗಿನಿಂದ ವೀಳ್ಯದ ತಟ್ಟೆ ತರಿಸಿದರು. "ತಕೊ ಆಚಾರಿ. ಅವತ್ತು ತೆಪ್ಪಾಯ್ತು, ಇದು ನಿಂದೇಯ" ಎಂದು ಹತ್ತು ಜನರ ಎದುರಿಗೆ ಮುಂದೆ ಹಿಡಿದರು. ನಾನು ಬಯಸಿದ್ದು ಅದನ್ನೇ. ಅಪ್ಪ ಕೈ ಮುಗಿದ, ಚಾಚಲಿಲ್ಲ. "ನಂಗೆ ಸಲ್ಲಾಕಿಲ್ಲ ಗೌಡ್ರೆ, ಬುಡಿ" ಎಂದು ಹೊರಟುಬಂದ.

ಅಲ್ಲಿಂದ ಮುಂದೆ ಆ ಜೀಪಿಗೆ ಏನಾದರೂ ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ಕೂಲಿ ಮುಟ್ಟುತ್ತಿರಲಿಲ್ಲ, ಯಾಕೆಂದು ಹೇಳುತ್ತಲೂ ಇರಲಿಲ್ಲ. ಆಚಾರಿ ಗೌಡರ ಬಾಲವಾದ ಎಂದಿತು ಊರು. "ಒಂದು ದಪ ದೂರ ಇಟ್ಟೆ ನೋಡಿ, ದಾರಿಗೆ ಬಂದ" ಎಂದು ಗೌಡರು ಜಗಲಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಕೇಳಿಯೂ ಬಾಯಿ ಬಿಡುವಂತಿರಲಿಲ್ಲ. ಅಪ್ಪ ನನಗೆ ಒಂದು ಏಟೂ ಹೊಡೆಯಲಿಲ್ಲ. ಆದರೆ ಪಾನಾ ಚೀಲ ಹೊತ್ತುಕೊಂಡು ಬಾ ಎಂದು ಮತ್ತೆಂದೂ ಕರೆಯಲಿಲ್ಲ.

ಈಗ ನನಗೊಂದು ಕಾರಿದೆ. ಕೆಟ್ಟರೆ ದೊಡ್ಡ ಗ್ಯಾರೇಜಿನಲ್ಲಿ ಗಾಜಿನ ಈಚೆ ಕೂರಿಸುತ್ತಾರೆ, ಅಲ್ಲಿ ವೈರು ಚುಚ್ಚಿ ಪರದೆ ನೋಡುತ್ತಾರೆ. ಕಣ್ಣು ಮುಚ್ಚಿ ಕೇಳುವವರಿಲ್ಲ. ಅಪ್ಪನಿಗೆ ಗೊತ್ತಿದ್ದುದರಲ್ಲಿ ಅರ್ಧವೂ ನನಗೆ ದಕ್ಕಲಿಲ್ಲ, ಅದು ಅಪ್ಪನ ಜೊತೆಯಲ್ಲೇ ಹೋಯಿತು. ಗೌಡರೂ ಹೋದರು. ನನ್ನ ಸಿಟ್ಟಿಗೆ ಈಗ ಎದುರು ನಿಲ್ಲುವವರೂ ಇಲ್ಲ.

ಆ ಮನೆಯ ಮೊಮ್ಮಕ್ಕಳು ಇದನ್ನು ಓದಿದರೆ ಓದಲಿ, ಅದಕ್ಕೇ ಬರೆದಿದ್ದೇನೆ. ನಿಮ್ಮ ಜೀಪನ್ನು ಎಂಟು ದಿನ ಬೀದಿಯಲ್ಲಿ ನಿಲ್ಲಿಸಿದವಳು ನಾನು. ನಮ್ಮಪ್ಪ ಬದುಕಿದ್ದಷ್ಟು ದಿನವೂ ನಿಮ್ಮ ಅಂಗಳಕ್ಕೆ ಓಡಿ ಬಂದದ್ದು ನನ್ನ ತಪ್ಪು ತೀರಿಸಲು. ನಿಮ್ಮ ತಾತನಿಗೆ ಹೆದರಿ ಅವನು ಒಂದು ದಿನವೂ ಬಂದಿರಲಿಲ್ಲ.