ಆನೆಯ ಎದುರು ಕೂತವಳು

ನನ್ನ ಓರಗಿತ್ತಿಯ ಮಣಿಕಟ್ಟು ಎಷ್ಟು ಸಣ್ಣದಿತ್ತೆಂದರೆ, ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಬಳೆಗಾರ ತನ್ನ ಮಲಾರವನ್ನೆಲ್ಲ ಹುಡುಕಿ ಸೋತು, ಕೊನೆಗೆ ಶಾಲೆಗೆ ಹೋಗುವ ಹುಡುಗಿಯರ ಬಳೆಗಳನ್ನು ತೊಡಿಸಿದ್ದ. ಅವೂ ನಿಲ್ಲುತ್ತಿರಲಿಲ್ಲ. ಕೈ ಎತ್ತಿದರೆ ಗಲಗಲನೆ ಮೊಣಕೈವರೆಗೆ ಜಾರುತ್ತಿದ್ದವು. ಮುದ್ದೆ ತಿರುವಲು ಕೂತರೆ ಅವಳು ಕೋಲನ್ನು ತಿರುಗಿಸುತ್ತಿದ್ದಳೋ ಕೋಲೇ ಅವಳನ್ನು ತಿರುಗಿಸುತ್ತಿತ್ತೋ ಹೇಳುವುದು ಕಷ್ಟ. ನನ್ನದು ಗಂಡಸಿನ ಕೈ. ತಲೆಗೊಂದು ಸೊಂಟಕ್ಕೊಂದು ಕೊಡ ಹೊತ್ತು ದಿಣ್ಣೆ ಹತ್ತಿದರೂ ನನಗೆ ಏದುಸಿರು ಬರುತ್ತಿರಲಿಲ್ಲ.

ಅಂಥವಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದರೆ ಯಾರು ನಂಬುತ್ತಾರೆ? ಆದರೆ ಇತ್ತು. ಇವತ್ತಿಗೂ ಇದೆ.

ನಮ್ಮದು ಅಂಚೆಟ್ಟಿಯಿಂದ ಒಳಗೆ, ಕಾಡಿಗೆ ಅಂಟಿಕೊಂಡ ಹಳ್ಳಿ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಹೊಸೂರಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು. ನನ್ನ ಗಂಡ ಅಂಥದ್ದೊಂದರಲ್ಲಿ ಕೆಲಸಕ್ಕೆ ಸೇರಿ, ವಾರದ ರಜೆಗೆ ಮಾತ್ರ ಊರಿಗೆ ಬರುತ್ತಿದ್ದರು. ಹೊಲ ನೋಡಿಕೊಳ್ಳುತ್ತಿದ್ದವನು ಮೈದುನ. ಅವನ ಹೆಂಡತಿಯೇ ಈ ನನ್ನ ಓರಗಿತ್ತಿ, ಗುಮ್ಮಳಾಪುರದ ಕಡೆಯವಳು. ತವರಿನಿಂದ ತಂದದ್ದು ಒಂದು ತಗಡಿನ ಟ್ರಂಕು, ಒಂದು ಮಾದಪ್ಪನ ಪಟ. ಆ ಪಟಕ್ಕೆ ಅಡಿಗೆಮನೆಯ ಗೋಡೆಯಲ್ಲಿ ಮೊಳೆ ಹೊಡೆದವಳು ನಾನೇ. ಅವಳ ಕೈಲಿ ಸುತ್ತಿಗೆ ನಿಲ್ಲಬೇಕಲ್ಲ.

ಮೊಳೆ ಹೊಡೆದ ದಿನದಿಂದ ಮನೆಗೆ ಇನ್ನೊಬ್ಬ ಆಳು ಸೇರಿದ ಹಾಗಾಯಿತು. ಒಲೆ ಹಚ್ಚುತ್ತ ಅವಳು ಮಾದಪ್ಪನ ಜೊತೆ ಮಾತಾಡುತ್ತಿದ್ದಳು. ಮಂತ್ರವಿಲ್ಲ, ಹಾಡಿಲ್ಲ. "ಮೋಡ ಕಟ್ಟೈತೆ ಕಣಪ್ಪ, ಹುರುಳಿ ಕಿತ್ತು ಕಣದಾಗೆ ಹಾಕಿದೀವಿ, ನೋಡ್ಕೊ" ಅಂತ ಪಕ್ಕದ ಮನೆಯವನಿಗೆ ಹೇಳುವ ಹಾಗೆ. ಹೇಳಿದ ಮೇಲೆ ಮುಗಿಯಿತು, ಹೋಗಿ ಕೆಲಸಕ್ಕೆ ಕೂರುತ್ತಿದ್ದಳು. ನಾನೋ ಹತ್ತು ಸಲ ಅಂಗಳಕ್ಕೆ ಬಂದು ಮೋಡ ನೋಡುತ್ತಿದ್ದೆ.

"ರಟ್ಟೆ ಗಟ್ಟಿ ಇದ್ರೆ ಹಿಟ್ಟಿಗೆ ಬರ ಇಲ್ಲ" ಎನ್ನುವುದು ನನ್ನಪ್ಪನ ಮಾತು. ನಾನು ಅದರಲ್ಲೇ ಬೆಳೆದವಳು. ಒಮ್ಮೆ ಅವಳಿಗೂ ಹೇಳಿದೆ. ಅವಳು ನಕ್ಕು, "ನಿನ್ ರಟ್ಟೆ ಗಟ್ಟಿ ಐತೆ ಅಕ್ಕ, ನೀನು ಹಂಗನ್ಬೌದು. ನಂಗೆ ಭಾರ ಅವನ್ದು, ನಡಿಗೆ ನಂದು" ಅಂದಳು. ಸೋಮಾರಿಯ ಮಾತೆಂದು ತಳ್ಳಿಹಾಕೋಣವೆಂದರೆ ಅವಳು ಸೋಮಾರಿಯಲ್ಲ. ಇದ್ದಷ್ಟು ಶಕ್ತಿಯಲ್ಲಿ ದಿನವಿಡೀ ದುಡಿಯುತ್ತಿದ್ದಳು. ದುಡಿದು ಮುಖ ತೊಳೆದು ಬಂದರೆ ಆ ಮುಖದಲ್ಲಿ ಒಂದು ಗೆರೆಯೂ ಇರುತ್ತಿರಲಿಲ್ಲ. ನನ್ನ ಹಣೆಯ ಮೇಲೆ ಇಪ್ಪತ್ತೈದಕ್ಕೇ ಗೆರೆ ಬಿದ್ದಿತ್ತು. ನನಗೆ ಉರಿಯುತ್ತಿದ್ದದ್ದು ಅದಕ್ಕೆ.

ಇನ್ನೊಂದು ಕಾರಣ ನನ್ನ ಮಗಳು. ನಾಲ್ಕು ವರ್ಷದ ಹುಡುಗಿ, ಹಸಿವಾದರೆ ನನ್ನ ಹತ್ತಿರ ಬರುತ್ತಿದ್ದಳು, ಉಳಿದೆಲ್ಲದಕ್ಕೂ ಚಿಕ್ಕಮ್ಮನ ಹತ್ತಿರ.

ಆ ಕಾರ್ತೀಕದಲ್ಲಿ ಮಳೆ ಹಿಡಿದುಕೊಂಡಿತು. ಗಾಡಿದಾರಿಯನ್ನು ಹಳ್ಳ ಕೊಚ್ಚಿಹಾಕಿತ್ತು. ಗಂಡ ಹೊಸೂರಿನಲ್ಲಿ, ಮೈದುನ ಎತ್ತು ನೋಡಲು ದೂರದ ಸಂತೆಗೆ ಹೋದವನು ಹಳ್ಳದ ಆಚೆಯೇ ಉಳಿದಿದ್ದ. ಮಗಳಿಗೆ ಜ್ವರ ಬಂತು. ಎರಡನೆಯ ದಿನಕ್ಕೆ ಗಂಟಲು ಊದಿ, ಉಸಿರು ಎಳೆದಾಗಲೆಲ್ಲ ಕಂಚಿನ ಪಾತ್ರೆ ಉಜ್ಜಿದಂಥ ಸದ್ದು. ನಾಟಿ ಮದ್ದು ಕೊಡುವ ಮುದುಕಿ ಬಾಯಿ ತೆಗೆಸಿ ನೋಡಿ, "ಇದು ನನ್ ಕೈದಲ್ಲ, ಅಂಚೆಟ್ಟಿ ಡಾಕ್ಟ್ರತ್ರ ಎತ್ಕೊಂಡು ಹೋಗಿ" ಅಂದಳು. ಉಳಿದದ್ದು ಕಾಡಿನೊಳಗಿನ ಕಾಲುದಾರಿ ಒಂದೇ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಹೆಂಗಸ್ರು ಇಬ್ರೇ ಹೋದೀರಾ? ಒಂಟಿ ಸಲಗ ಓಡಾಡ್ತೈತೆ ಅಂತಾವ್ರೆ. ಮೊನ್ನೆ ಮರ ಕಡಿಯೋನ್ನ ಅಟ್ಟಿಸ್ಕೊಂಡು ಬಂದೈತೆ."

"ಮಗೀನ ಉಸ್ರು ಕೇಳ್ತಾ ಐತಾ ನಿಮ್ಗೆ?" ಅಂದೆ. ಅತ್ತೆ ಪಕ್ಕಕ್ಕೆ ಸರಿದರು.

ಬೆಳಕು ಹರಿಯುತ್ತಿದ್ದ ಹಾಗೆ ಹೊರಟೆವು. ಹಳೆಯ ಸೀರೆಯಲ್ಲಿ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು, ಕೈಯಲ್ಲಿ ಮಚ್ಚು ಹಿಡಿದು ನಾನು ಮುಂದೆ. ನೀರಿನ ಚೊಂಬು ಹಿಡಿದು ಅವಳು ಹಿಂದೆ. ಕೆಸರಿನಲ್ಲಿ ಅವಳು ಜಾರಿ ಬೀಳುವುದು, ನಾನು ನಿಂತು ಕಾಯುವುದು. ಇವಳನ್ನು ಯಾಕಾದರೂ ಕರೆತಂದೆನೋ ಅಂದುಕೊಂಡೆ.

ಬಿದಿರು ಮೆಳೆಯ ತಿರುವಿನಲ್ಲಿ ಅದು ನಿಂತಿತ್ತು. ದಾರಿಗೆ ಅಡ್ಡಲಾಗಿ, ಒಂದು ಬಂಡೆ ಉರುಳಿ ಬಂದು ನಿಂತ ಹಾಗೆ. ಒಂದು ಕೊಂಬಿನ ತುದಿ ಮುರಿದಿತ್ತು. ನಮ್ಮ ಸದ್ದಿಗೆ ತಿರುಗಿ ಕಿವಿ ಅಗಲಿಸಿತು. ಎಡಕ್ಕೆ ಕಡಿದಾದ ಏರು, ಬಲಕ್ಕೆ ಹಳ್ಳದ ಕಮರಿ. ಹಿಂದಕ್ಕೆ ಹೋದರೆ ಮಗಳು ಉಳಿಯುವುದಿಲ್ಲ. ನಾನು ಮಚ್ಚು ಎತ್ತಿದೆ. ಹುಣಸೆ ಕೊಂಬೆ ಸವರುವ ಮಚ್ಚು ಅದು. ಆದರೆ ಆ ಹೊತ್ತಿನಲ್ಲಿ ಆನೆಯ ಸೊಂಡಿಲಿಗೆ ಎಲ್ಲಿ ಹೊಡೆಯಬೇಕೆಂದು ನಾನು ನಿಜವಾಗಿ ಯೋಚಿಸುತ್ತಿದ್ದೆ.

ಅವಳು ಹಿಂದಿನಿಂದ ನನ್ನ ಸೆರಗು ಜಗ್ಗಿದಳು.

"ಇಳ್ಸು ಅಕ್ಕ ಅದನ್ನ. ಇದು ನಿನ್ ಕೈಲಾಗಲ್ಲ. ನನ್ ಕೈಲಂತೂ ಮೊದ್ಲೇ ಆಗಲ್ಲ. ಕೂತ್ಕೊ."

"ಕೂತ್ಕೊಳಾದಾ?"

"ಕೂತ್ಕೊ."

ಹೇಳಿ ನನ್ನನ್ನು ದಾಟಿ ಮುಂದೆ ಹೋದಳು. ದಾರಿಯ ನಡುವೆ, ಕೆಸರಿನಲ್ಲೇ ಕೂತುಬಿಟ್ಟಳು. ನನಗೂ ಆನೆಗೂ ನಡುವೆ ಈಗ ಅವಳು. ಮಂಡಿಯ ಮೇಲೆ ಕೈ ಇಟ್ಟು, ಒಲೆಯ ಮುಂದೆ ಮಾತಾಡುವ ಅದೇ ದನಿಯಲ್ಲಿ ಹೇಳಿದಳು: "ಮಾದಪ್ಪ, ಮಗೀಗೆ ಉಸ್ರಾಡಾಕೆ ಆಗ್ತಿಲ್ಲ. ನಮ್ತಾವ ಏನೂ ಇಲ್ಲ. ದಾರಿ ಬಿಡ್ಸಪ್ಪ."

ನಾನೂ ಮಚ್ಚು ಇಳಿಸಿ ಅವಳ ಹಿಂದೆ ಕೂತೆ. ಆನೆ ಮುನ್ನುಗ್ಗಿ ಬಂತು. ಕೆಸರು ನಮ್ಮ ಮುಖಕ್ಕೆ ಸಿಡಿಯುವಷ್ಟು ಹತ್ತಿರ ಬಂದು ನಿಂತು, ಸೊಂಡಿಲು ಎತ್ತಿ ಗಾಳಿ ಎಳೆಯಿತು. ನನ್ನ ಬೆನ್ನಿನಲ್ಲಿ ಮಗಳ ಗಂಟಲು ಗೊರಗೊರ ಅನ್ನುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಆಮೇಲೆ ಅದು ತಲೆ ಕೊಡವಿ, ಬಿದಿರನ್ನು ಮುರಿಯುತ್ತ ಕಮರಿಯ ಕಡೆ ಇಳಿದುಹೋಯಿತು.

ಯಾಕೆ ತಿರುಗಿತೋ ನನಗೆ ಗೊತ್ತಿಲ್ಲ. ಓಡಿದ್ದರೆ ತುಳಿಯುತ್ತಿತ್ತು, ಕೂತದ್ದಕ್ಕೆ ಬಿಟ್ಟಿತು ಎಂದು ಕಾಡಿನ ಗಾರ್ಡು ಆಮೇಲೆ ಹೇಳಿದ. ಇರಬಹುದು. ಆದರೆ ಆ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ. ಎದ್ದು ನಡೆಯೋಣ ಅಂದರೆ ಅವಳಿಗೆ ಏಳಲಾಗಲಿಲ್ಲ. ಮೈಯೆಲ್ಲ ಗಡಗಡ ನಡುಗುತ್ತಿತ್ತು. ಕಂಕುಳಿಗೆ ಕೈ ಹಾಕಿ ನಾನೇ ಎತ್ತಿ ನಿಲ್ಲಿಸಿದೆ. ಅಷ್ಟೊಂದು ನಡುಗುವ ಮೈಯಿಂದ ನಡುಗದ ಆ ದನಿ ಹೇಗೆ ಬಂತು ಎಂದು ಅಂಚೆಟ್ಟಿ ಮುಟ್ಟುವವರೆಗೂ ಯೋಚಿಸಿದೆ.

ಡಾಕ್ಟರು ಸೂಜಿ ಚುಚ್ಚಿ, ಮಗಳನ್ನು ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. "ನಲ್ಲ ವೇಳೈ, ವಂದುಟ್ಟೀಂಗ" ಅಂದರು. ಸದ್ಯ ಬಂದಿರಿ, ಒಳ್ಳೆಯದಾಯಿತು ಅಂತ. ಮಗಳು ಉಳಿದಳು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ. ಹುಣಸೆ ಮರದ ಕೆಳಗೆ ಗಂಡಸರದು ಒಂದೇ ಮಾತು: "ಸಲಗನ್ ಮುಂದೆ ಕೂತ್ಬುಟ್ಲಂತೆ ಕಣ್ಲಾ, ಮಾದಪ್ಪನೇ ದಾರಿ ಬಿಡ್ಸಿದ್ನಂತೆ." ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು, "ನನ್ ಕಿರಿಸೊಸೆ ಮಗೀನ ಉಳ್ಸುದ್ಲು." ಹೇಳುತ್ತ ಹೇಳುತ್ತ ಆ ಕಥೆಯಲ್ಲಿ ನಾನು ಸಣ್ಣಗಾಗುತ್ತ ಹೋದೆ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಏರಿ ಇಳಿದವಳು ನಾನು. ಆನೆ ಹೋದ ಮೇಲೆ ಕಿರಿಸೊಸೆಯನ್ನೂ ಹೊತ್ತ ಹಾಗೆಯೇ ನಡೆಸಿದವಳು ನಾನು. ಕೊನೆಕೊನೆಗೆ ಅತ್ತೆಯ ಕಥೆಯಲ್ಲಿ ನಾನು ಕಾಡಿಗೇ ಹೋಗಿರಲಿಲ್ಲ. ಓರಗಿತ್ತಿ ಮಾತ್ರ ಪ್ರತಿಸಲ, "ಅಕ್ಕ ಇದ್ದಿದ್ಕೆ ಆಯ್ತು ಅತ್ತೆ" ಅನ್ನುತ್ತಿದ್ದಳು. ಅದು ನನಗೆ ಇನ್ನಷ್ಟು ಉರಿ. ಜಂಬವಾದರೂ ಪಟ್ಟಿದ್ದರೆ ಜಗಳ ಆಡಬಹುದಿತ್ತು.

ಅವಳಿಗೆ ಮಕ್ಕಳಾಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬಸುರಿಯಾದಳು. ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿತು. ಗಂಡುಮಗು. ಆ ದಿನ ಅವಳು ಶಾಂತವಾಗಿರಲಿಲ್ಲ. ಮಾದಪ್ಪನ ಪಟದ ಮುಂದೆ ಕೂತು, ಎದೆ ಬಡಿದುಕೊಂಡು, ಬಾಯಿಗೆ ಬಂದ ಹಾಗೆ ಬೈದಳು. ಈಗ ಇವಳೂ ನನ್ನ ಹಾಗೇ ಆಗುತ್ತಾಳೆ ಎಂದು ನನಗನ್ನಿಸಿತು. ಆದರೆ ಮಾದಪ್ಪನ ವಾರವಾದ ಸೋಮವಾರ ನೋಡಿದರೆ ಪಟದ ಮುಂದೆ ದೀಪ ಉರಿಯುತ್ತಿದೆ.

"ಇನ್ನೂ ಹಚ್ತೀಯಲ್ಲೇ, ಏನ್ ಕೊಟ್ಟ ಅವ್ನು ನಿಂಗೆ?" ಅಂತ ಕೇಳಿಯೇ ಬಿಟ್ಟೆ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು: "ಅಷ್ಟು ಬೈದ್ನಲ್ಲ ಅಕ್ಕ, ಎದ್ದು ಹೋಗ್ಲಿಲ್ಲ ಅವ್ನು. ಕೂತ್ಕೊಂಡು ಕೇಳ್ದ."

ನನ್ನವ್ವ ಸತ್ತಾಗ ನಾನು ಕೊಟ್ಟಿಗೆಗೆ ಹೋಗಿ, ಯಾರಿಗೂ ಕಾಣದ ಹಾಗೆ ಅತ್ತು, ಮುಖ ತೊಳೆದು ಬಂದು ಬಂದವರಿಗೆ ಅಡಿಗೆ ಮಾಡಿದವಳು. ಕೂತು ಕೇಳುವವನೊಬ್ಬ ಇವಳಿಗೆ ಇದ್ದಾನೆ, ನನಗಿಲ್ಲ. ಅವತ್ತು ಪಟ್ಟಷ್ಟು ಹೊಟ್ಟೆಕಿಚ್ಚು ನಾನು ಯಾವತ್ತೂ ಪಟ್ಟಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬರುವಾಗ ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದರು. ಅಷ್ಟು ಹೊತ್ತಿಗೆ ನಾವು ಹೊಸೂರಿಗೇ ಬಂದು ನೆಲೆಸಿದ್ದೆವು; ಅಲ್ಲಿ ನಮ್ಮ ಮನೆಯಲ್ಲೇ ಇಟ್ಟುಕೊಂಡು ತೋರಿಸಿದೆ. ಬೆಂಗಳೂರಿಗೆ ಕರೆದೊಯ್ಯುತ್ತೇನೆಂದು ಡಾಕ್ಟರ ಜೊತೆ ವಾದಿಸಿದೆ. ಅವರು ಪ್ರಯೋಜನವಿಲ್ಲವೆಂದು ತಲೆ ಆಡಿಸಿದರು. ಊರಿಗೆ ವಾಪಸ್ಸು ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ತಳಿ ಊರಿನ ಹತ್ತಿರ ಸಾಲು ಮರಗಳು ಹಿಂದೆ ಸರಿಯುತ್ತಿದ್ದವು.

"ಹೆದ್ರಿಕೆ ಇಲ್ವೇನೆ?" ಅಂದೆ.

"ಐತೆ."

"ಮತ್ತೆ?"

"ಹೆದ್ರುಕೊಂಡೇ ಹೋಯ್ತೀನಿ ಬುಡು. ಹೆದ್ರಿದೋರ್ನ ಅವ್ನು ವಾಪಸ್ ಕಳಿಸ್ತಾನಾ?" ಅಂದು ಕಿಟಕಿಯಿಂದ ನನ್ನ ಕಡೆ ತಿರುಗಿ, "ಒಂದ್ ಮಾತು ಅಕ್ಕ. ನಿನ್ನ ಕಂಡ್ರೆ ನಂಗೆ ಬಲೇ ಹೊಟ್ಟೆಕಿಚ್ಚಿತ್ತು. ಎಲ್ಲಾನೂ ನೀನೊಬ್ಳೇ ಎತ್ತಿ ಒಗೀತಿದ್ದೆ. ನಂಗೂ ಹಂಗೆ ಆಗ್ತಿದ್ರೆ ಅವನ್ನ ಇಷ್ಟು ಕಾಡ್ತಿರ್ಲಿಲ್ಲ ಅನ್ಕೊತಿದ್ದೆ" ಅಂದಳು.

ನಾನೂ ಹೇಳಬಹುದಿತ್ತು. ಬಸ್ಸು ಕುಲುಕುತ್ತಿತ್ತು. ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಆ ತಿಂಗಳು ದಾಟುವ ಮೊದಲೇ, ಒಂದು ಬೆಳಗ್ಗೆ ಗಂಜಿ ಕೇಳಿದವಳು, ತರುವಷ್ಟರಲ್ಲಿ ಇರಲಿಲ್ಲ.

ಮಾರನೆಯ ವರ್ಷ ಮಗಳ ಮೊದಲ ಹೆರಿಗೆ, ಕೃಷ್ಣಗಿರಿಯ ಆಸ್ಪತ್ರೆಯಲ್ಲಿ. ಮಗು ಅಡ್ಡ ನಿಂತಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ನರ್ಸು ಹೊರಗೆ ಬಂದು, ಇಬ್ಬರದೂ ಹೇಳಲಾಗದು ಎಂದು ನನ್ನ ಮುಖ ನೋಡದೆ ಹೇಳಿ ಒಳಗೆ ಹೋದಳು. ನಡು ಮಧ್ಯಾಹ್ನ, ವರಾಂಡಾದ ತುಂಬ ಜನ. ಎತ್ತಲು ಭಾರವಿಲ್ಲ, ತಳ್ಳಲು ಬಾಗಿಲಿಲ್ಲ, ನನ್ನ ಕೈಗಳು ಸುಮ್ಮನೆ ತೂಗಾಡುತ್ತಿದ್ದವು. ಮಾದಪ್ಪನನ್ನು ಕರೆಯೋಣವೆಂದರೆ ನನಗೆ ಅವನೊಡನೆ ಮಾತಿನ ಬಳಕೆಯೇ ಇಲ್ಲ. ಕೊನೆಗೆ ಗೋಡೆಯ ಕಡೆ ತಿರುಗಿ ಅವಳನ್ನೇ ಕರೆದೆ. "ಏ ಹುಡ್ಗಿ, ನಿನ್ ಮಾತು ಕೇಳ್ತಾನಲ್ಲ ಅವ್ನು. ಹೇಳೇ. ನನ್ ಕೈಲಾಯ್ತಿಲ್ಲ."

ಬದುಕಿನಲ್ಲಿ ಮೊದಲ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದೆ. ಹೇಳಿದ ಮೇಲೆ ಹೆದರಿಕೆ ಹೋಗಲಿಲ್ಲ. ಆದರೆ ಒಬ್ಬಳೇ ಇದ್ದೇನೆ ಅನ್ನಿಸಲಿಲ್ಲ.

ಸಂಜೆಯ ಹೊತ್ತಿಗೆ ಇಬ್ಬರೂ ಉಳಿದರು. ಒಳಗೆ ಬಿಟ್ಟಾಗ ಮಗಳು ಬಿಳಿಚಿಕೊಂಡು ಮಲಗಿದ್ದಳು, ಪಕ್ಕದಲ್ಲಿ ಹಸುಳೆ. ನನ್ನ ಕೈ ಹಿಡಿದು, "ನೋವು ತಡ್ಯಕಾಗ್ದೆ ಚಿಕ್ಕಮ್ಮನ್ನ ಕೂಗ್ಬುಟ್ಟೆ ಕಣಮ್ಮ" ಅಂದಳು.

ಅವಳನ್ನು ಹೆತ್ತ ನಾನು ಬಾಗಿಲ ಆಚೆಯೇ ನಿಂತಿದ್ದೆ. ಹೊಟ್ಟೆಯಲ್ಲಿ ಕಿಚ್ಚು ಚುರ್ ಎಂದಿತು. ಅವಳ ಬೆವರಿದ ಹಣೆ ಒರೆಸುತ್ತ, "ನಾನೂ ಅವಳನ್ನೇ ಕೂಗ್ದೆ" ಅಂದೆ.